ಅರ್ಧ ಲೋಟ ನೀರಿನ ಪರೀಕ್ಷೆ



ಕಳೆದ ನವೆಂಬರಿನಲ್ಲಿ ನಮ್ಮ ರಾಜ್ಯೋತ್ಸವದ ಊಟ ನಿಮಗೆ ನೆನಪಿರಬಹುದು. ಬಡಿಸುವ ಕೆಲಸವನ್ನೆಲ್ಲ ಆ ಸಲ ಹುಡುಗ ಹುಡುಗಿಯರು ನೀವೇ ವಹಿಸಿಕೊಂಡಿದ್ದಿರಿ. ಸಾರು ಮೊದಲೋ ಹುಳಿ ಮೊದಲೋ ಎಂಬ ಗೊಂದಲವೊಂದನ್ನು ಬಿಟ್ಟರೆ ಚೆನ್ನಾಗಿಯೇ ನಡೆಸಿದಿರಿ. ನಿಮ್ಮಲ್ಲೊಬ್ಬ ಹುಡುಗ ಶ್ಯಾವಿಗೆ ಪಾಯಸದ ಟ್ರೇ ಹಿಡಿದು ನಮ್ಮ ಕಡೆ ಬಂದ. ಪುಟ್ಟ ಪುಟ್ಟ ಕಾಗದದ ಬಟ್ಟಲು, ಒಂದೊಂದರಲ್ಲೂ ಒಂದು ಪ್ಲಾಸ್ಟಿಕ್ ಚಮಚ. "ಅಂಕಲ್, ತಗೊಳ್ಳಿ" ಎಂದ. ನಮ್ಮವರು "ಬ್ಯಾಡಪ್ಪಾ, ಸಿಹಿ ಒಲ್ಲೆ" ಎಂದರು. "ಶುಗರ್ ಇದೆಯಾ ಅಂಕಲ್?" ಎಂದು ಆ ಹುಡುಗ ಬಹಳ ಪ್ರೀತಿಯಿಂದಲೇ ಕೇಳಿದ. ಇವರು ಹೌದೆಂಬಂತೆ ತಲೆ ಆಡಿಸಿಬಿಟ್ಟರು.

ಇವರಿಗೆ ಸಕ್ಕರೆ ಕಾಯಿಲೆ ಇಲ್ಲ. ಶ್ಯಾವಿಗೆ ಪಾಯಸವೆಂದರೆ ಇವರಿಗೆ ಪ್ರಾಣ. ಆ ಹೊತ್ತಿನಲ್ಲಿ ಇವರ ಬಲಗೈ ಪ್ಯಾಂಟಿನ ಕಿಸೆಯೊಳಗಿತ್ತು. ಅದು ಹೊರಗೆ ಬಂದರೆ ನಡುಗುತ್ತದೆ. ಚಮಚ ಹಿಡಿದರೆ ಪಾಯಸ ಅಂಗಿಯ ಮೇಲೆ ಬೀಳುತ್ತದೆ, ನಾಲ್ಕು ಜನ ನೋಡುತ್ತಾರೆ. ಅದಕ್ಕಿಂತ ಇಲ್ಲದ ರೋಗವೊಂದನ್ನು ಒಪ್ಪಿಕೊಳ್ಳುವುದೇ ವಾಸಿ ಎನಿಸಿತು ಅವರಿಗೆ.

ನಾಲ್ಕು ವರ್ಷಗಳಿಂದ ಇವರಿಗೆ ಪಾರ್ಕಿನ್ಸನ್ ಕಾಯಿಲೆ. ಇದನ್ನು ಅಂಕಣದಲ್ಲಿ ಬರೆಯಲೇ ಎಂದು ಕೇಳಿದೆ. "ಬರಿ, ಆದರ ಕಣ್ಣೀರು ಹಾಕಬ್ಯಾಡ" ಎಂದು ಅಪ್ಪಣೆಯಾಯಿತು. ಆದ್ದರಿಂದ ಕಣ್ಣೀರು ಬಿಟ್ಟು ಉಳಿದದ್ದನ್ನು ಹೇಳುತ್ತೇನೆ. ನಿಮ್ಮಲ್ಲಿ ಅರ್ಧಕ್ಕರ್ಧ ಜನ ಇಂಜಿನಿಯರಿಂಗ್ ಓದುವವರೋ ಓದಿ ಮುಗಿಸಿದವರೋ ಆಗಿದ್ದೀರಿ. ಈ ತಿಂಗಳ ವಿಷಯ ನಿಮಗೇ ಸೇರಿದ್ದು: ಕೈ ನಡುಕ ನಿಲ್ಲಿಸುತ್ತೇವೆಂದು ಹೇಳುವ ಬ್ಯಾಂಡು, ಗ್ಲೌಸುಗಳ ಪರೀಕ್ಷೆ.

ನಾನು ವಿಜ್ಞಾನ ಓದಿದವಳಲ್ಲ. ಧಾರವಾಡದಲ್ಲಿ ಇಂಗ್ಲಿಷ್ ಬಿ.ಎ. ಮಾಡಿದವಳು. 'ಶೇಕ್' ಎಂಬುದು ನನಗೆ ಆಗ ಗೊತ್ತಿದ್ದದ್ದು ಶೇಕ್ಸ್‌ಪಿಯರನ ಹೆಸರಿನ ಮೊದಲರ್ಧವಾಗಿ ಮಾತ್ರ. ಆದರೆ ಈ ಕಾಯಿಲೆಯ ಮೊದಲ ಪುಸ್ತಕವನ್ನು ಓದಲು ಇಂಗ್ಲಿಷ್ ಬಿ.ಎ. ಸಾಕು. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯ 1817ರಲ್ಲಿ 'ನಡುಗುವ ಪಾರ್ಶ್ವವಾಯು' ಎಂಬರ್ಥದ ಹೆಸರಿಟ್ಟು ಒಂದು ಸಣ್ಣ ಪ್ರಬಂಧ ಪ್ರಕಟಿಸಿದ. ಅವನು ವರ್ಣಿಸಿದ್ದು ಆರೇ ಆರು ಮಂದಿಯನ್ನು. ಅವರಲ್ಲಿ ಕೆಲವರು ಅವನ ರೋಗಿಗಳೂ ಅಲ್ಲ, ಬೀದಿಯಲ್ಲಿ ನಡೆದು ಹೋಗುವಾಗ ಅವನ ಕಣ್ಣಿಗೆ ಬಿದ್ದವರು. ಆಸ್ಪತ್ರೆಯ ಯಂತ್ರವಿಲ್ಲ, ಸ್ಕ್ಯಾನ್ ಇಲ್ಲ, ಬರೀ ಕಣ್ಣು. ಇನ್ನೂರು ವರ್ಷದ ಹಿಂದೆ ಅವನು ಬರೆದ ನಡಿಗೆ, ಬಾಗಿದ ಬೆನ್ನು, ನಡುಗುವ ಕೈ ಎಲ್ಲವೂ ಇಂದು ನಮ್ಮ ಡೊಂಬಿವಲಿಯ ಮನೆಯ ಹಾಲ್‌ನಲ್ಲಿ ಕುಳಿತಿವೆ.

ಮಿದುಳಿನ ಆಳದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಒಂದೊಂದಾಗಿ ನಶಿಸುತ್ತ ಹೋಗುವುದೇ ಈ ಕಾಯಿಲೆ. ಚಲನೆ ನಿಧಾನವಾಗುತ್ತದೆ, ಮೈ ಬಿಗಿಯುತ್ತದೆ, ಅಕ್ಷರ ಸಣ್ಣದಾಗುತ್ತದೆ. ಎಲ್ಲರಿಗೂ ನಡುಕ ಇರುವುದಿಲ್ಲ, ಆದರೆ ಹೆಚ್ಚಿನವರಿಗೆ ಇರುತ್ತದೆ. ಇದರ ನಡುಕಕ್ಕೊಂದು ವಿಚಿತ್ರ ಸ್ವಭಾವವಿದೆ. ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುವಾಗಲೇ ಅದು ಹೆಚ್ಚು. ಸೆಕೆಂಡಿಗೆ ನಾಲ್ಕರಿಂದ ಆರು ಸಲ, ಹೆಬ್ಬೆಟ್ಟು ತೋರುಬೆರಳಿಗೆ ತೀಡುತ್ತಿರುತ್ತದೆ. ವೈದ್ಯರು ಇದನ್ನು ಗುಳಿಗೆ ಉರುಳಿಸಿದ ಹಾಗೆ ಎನ್ನುತ್ತಾರೆ. ನನಗೆ ಮಾತ್ರ ನಮ್ಮ ಅತ್ತೆಯವರು ಕಾರ್ತಿಕ ಮಾಸದಲ್ಲಿ ಹೂಬತ್ತಿ ಹೊಸೆಯುತ್ತಿದ್ದದ್ದು ನೆನಪಾಗುತ್ತದೆ. ಕೈ ಯಾವುದಾದರೂ ಕೆಲಸಕ್ಕೆ ಹೊರಟಿತೋ, ನಡುಕ ತಗ್ಗುತ್ತದೆ. ಲೋಟ ಎತ್ತಿ ಹಾಗೇ ಹಿಡಿದುಕೊಂಡಿರಿ, ಕೆಲವು ಸೆಕೆಂಡು ಬಿಟ್ಟು ಮತ್ತೆ ಶುರು. ನಿದ್ರೆಯಲ್ಲಿ ಇಲ್ಲವೇ ಇಲ್ಲ. ಮನಸ್ಸಿಗೆ ಒತ್ತಡವಾದರೆ ಎರಡು ಪಟ್ಟು. ನಮ್ಮ ಡಾಕ್ಟರು ಇವರಿಗೆ ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎನ್ನುತ್ತಾರೆ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಕ್ಕ ಮಾಡಿದವರಿಗೆ ಲೆಕ್ಕ ತಪ್ಪುವುದಿಲ್ಲ, ಆದರೆ ಎಂಬತ್ತಾರಕ್ಕೆ ಬರುವಷ್ಟರಲ್ಲಿ ಕೈ ಕುಣಿಯತೊಡಗುತ್ತದೆ.

ಅಂದ ಹಾಗೆ, ನಡುಗುವ ಕೈಯೆಲ್ಲ ಪಾರ್ಕಿನ್ಸನ್ ಅಲ್ಲ. 'ಎಸೆನ್ಶಿಯಲ್ ಟ್ರೆಮರ್' ಎಂದು ಇನ್ನೊಂದಿದೆ. ಅದರ ರೀತಿ ಉಲ್ಟಾ: ಕೈ ಸುಮ್ಮನಿದ್ದಾಗ ಶಾಂತ, ಕಪ್ಪು ಎತ್ತಿದರೆ ನಡುಕ. ಇದು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಇವರ ಅಕ್ಷರದ ವಿಷಯ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಸಂಘದ ಹಳೆಯ ಆಮಂತ್ರಣ ಪತ್ರಿಕೆಗಳನ್ನು ತೆಗೆದು ನೋಡಿ. ಮೇಲೆ ಬಳ್ಳಿಯಂತೆ ಬಾಗಿದ ಆ ಅಕ್ಷರಗಳೆಲ್ಲ ಇವರವು. ಕಂಪ್ಯೂಟರಿನ ಅಕ್ಷರ ಬರುವ ತನಕ ನಾಟಕದ ಪರದೆಯ ಮೇಲಿನ ಹೆಸರನ್ನೂ ಇವರೇ ಬರೆಯುತ್ತಿದ್ದರು. ಎರಡು ವರ್ಷದ ಹಿಂದೆ ಚೆಕ್ಕೊಂದು ಸಹಿ ಹೊಂದುವುದಿಲ್ಲವೆಂದು ವಾಪಸ್ಸು ಬಂತು. ಕೌಂಟರಿನ ಹುಡುಗಿ ಕಾರ್ಡಿನ ಮೇಲಿದ್ದ ಹಳೆಯ ಸಹಿಯನ್ನೂ ಇವರನ್ನೂ ಮತ್ತೆ ಮತ್ತೆ ನೋಡಿದಳು. ಇವರು ಏನೂ ಮಾತಾಡದೆ ಮನೆಗೆ ಬಂದು ಇಡೀ ಮಧ್ಯಾಹ್ನ ಹಳೆಯ ಡೈರಿಯಲ್ಲಿ ತಮ್ಮ ಹೆಸರು ಬರೆಯುತ್ತ ಕುಳಿತರು. ಪ್ರತಿ ಸಾಲೂ ಮುಂದೆ ಹೋದ ಹಾಗೆ ಸಣ್ಣದಾಗಿ, ಕೊನೆಗೆ ಇರುವೆಯ ಸಾಲಾಗಿತ್ತು.

ನಮ್ಮ ಮಗಳು ಪುಣೆಯಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾಳೆ. ಅವಳಿಗೆ ಒಂದು ವಿಡಿಯೊ ಸಿಕ್ಕಿತು. ಇಂಗ್ಲೆಂಡಿನ ಎಮ್ಮಾ ಲಾಟನ್ ಎಂಬ ಗ್ರಾಫಿಕ್ ಡಿಸೈನರ್‌ಗೆ 2013ರಲ್ಲಿ, 29ನೆಯ ವಯಸ್ಸಿಗೇ ಈ ಕಾಯಿಲೆ ಎಂದು ಗೊತ್ತಾಯಿತು. ಚಿತ್ರ ಬರೆಯುವುದೇ ಅನ್ನವಾದವಳಿಗೆ ಗೆರೆ ಎಳೆಯಲಾಗದ ಸ್ಥಿತಿ. ಮೈಕ್ರೋಸಾಫ್ಟ್ ಕಂಪನಿಯ ಕೇಂಬ್ರಿಜ್ ಪ್ರಯೋಗಾಲಯದ ಹೈಯಾನ್ ಜ್ಯಾಂಗ್ ಎಂಬಾಕೆ ಅವಳಿಗಾಗಿ ಒಂದು ಕೈಗಡಿಯಾರದಂಥ ಬ್ಯಾಂಡ್ ತಯಾರಿಸಿದಳು. ಒಳಗೆ ಮೊಬೈಲಿನಲ್ಲಿರುವಂಥ ಪುಟ್ಟ ಮೋಟಾರುಗಳು. ಮಣಿಕಟ್ಟಿನ ಸುತ್ತ ತಾಳಬದ್ಧವಾಗಿ ಕಂಪಿಸುತ್ತವೆ. ಮಿದುಳು ಮತ್ತು ಕೈಯ ನಡುವೆ ನಡೆಯುವ ತಪ್ಪು ಮಾತುಕತೆಗೆ ಇದು ಅಡ್ಡ ಬಾಯಿ ಹಾಕುತ್ತದೆ ಎಂಬುದು ಅವಳ ಊಹೆ. 2016ರಲ್ಲಿ ಬಿಬಿಸಿ ಇದನ್ನು ತೋರಿಸಿತು. ಎಮ್ಮಾ ಬ್ಯಾಂಡ್ ಕಟ್ಟಿಕೊಂಡು ತನ್ನ ಹೆಸರನ್ನು ನೇರವಾಗಿ ಬರೆದಳು, ಬರೆದು ಅತ್ತಳು. ನೋಡಿದ ನಾನೂ ಅತ್ತೆ. (ಅಪ್ಪಣೆ ಈಗ ಬರೆಯುವುದಕ್ಕೆ ಮಾತ್ರ, ಆಗ ಇರಲಿಲ್ಲ.) 2017ರಲ್ಲಿ ಕಂಪನಿ ತನ್ನ ಸಮ್ಮೇಳನದಲ್ಲಿ ಅದನ್ನು ಪ್ರದರ್ಶಿಸಿತು. ಆದರೆ ಅದು ಒಬ್ಬಳಿಗಾಗಿ ಮಾಡಿದ ಒಂದು ಮಾದರಿ, ಅಂಗಡಿಯಲ್ಲಿ ಸಿಗುವ ಮಾಲಲ್ಲ.

ಅಂಗಡಿಯಲ್ಲಿ ಸಿಗುವ ಮಾಲು ಬೇರೆ ಬೇರೆ ಹೆಸರಿನಲ್ಲಿ ಬಂದೇ ಬರುತ್ತದಲ್ಲ! ಮಗಳು ಹಠ ಹಿಡಿದು 14,000 ರೂಪಾಯಿಗೆ ಅಂಥದ್ದೊಂದನ್ನು ಆನ್‌ಲೈನಿನಲ್ಲಿ ತರಿಸಿದಳು. ಕಂಪನಿಯ ಹೆಸರು ಬೇಡ. ಡಬ್ಬಿಯ ಮೇಲೆ ಕೈ ನಡುಕದ ಸಕಲ ವಿಧಗಳಿಗೂ ಎಂದು ದಪ್ಪಕ್ಷರದಲ್ಲಿತ್ತು. ನಾನು ಮೇಲೆ ಹೇಳಿದ ಎರಡು ತದ್ವಿರುದ್ಧ ನಡುಕಗಳಿಗೂ ಒಂದೇ ಮದ್ದು ಹೇಗೆ ಎಂದು ಆಗಲೇ ಕೇಳಬೇಕಿತ್ತು, ಕೇಳಲಿಲ್ಲ. ಆಸೆ ಕೇಳಲು ಬಿಡಲಿಲ್ಲ.

ಪರೀಕ್ಷೆ ಮಾಡೋಣವೆಂದು ನಾನೇ ಹೊರಟೆ. ಡಾಕ್ಟರ ಹತ್ತಿರ ನೋಡಿದ್ದೆನಲ್ಲ: ಕಾಗದದ ನಡುವಿನಿಂದ ಹೊರಕ್ಕೆ ಚಕ್ಕುಲಿಯಂತೆ ಸುರುಳಿ ಬರೆಯುವುದು. ಆರ್ಕಿಮಿಡೀಸನ ಸುರುಳಿ ಎಂದು ಅದಕ್ಕೆ ಹೆಸರು. ಎರಡನೆಯದು ನನ್ನದೇ: ಸ್ಟೀಲ್ ಲೋಟದಲ್ಲಿ ಅರ್ಧಕ್ಕೆ ನೀರು ತುಂಬಿ, ಮೇಜಿನ ಈ ತುದಿಯಿಂದ ಎತ್ತಿ, ಹತ್ತು ಎಣಿಸುವ ತನಕ ಎದೆಯ ಮಟ್ಟದಲ್ಲಿ ಹಿಡಿದು, ಇನ್ನೊಂದು ಲೋಟಕ್ಕೆ ಸುರಿಯುವುದು. ಕೇಕ್ ಮಾಡಲು ತಂದ ಅಡುಗೆಮನೆಯ ತಕ್ಕಡಿಯಲ್ಲಿ ಎಷ್ಟು ಚೆಲ್ಲಿತೆಂದು ತೂಗುವುದು. "ಕೈ ನಂದು, ನಡುಗೂದು ನಂದು, ಪರೀಕ್ಷಾ ಮಾತ್ರ ನಿಂದು!" ಎಂದು ಇವರು ನಕ್ಕರು. ನಕ್ಕು ಎಷ್ಟೋ ದಿನವಾಗಿತ್ತು.

ಒಂದು ವಾರ ನಡೆಸಿದೆ. ಬೆಳಿಗ್ಗೆ ಏಳಕ್ಕೆ ಬ್ಯಾಂಡಿಲ್ಲದೆ, ಒಂಬತ್ತಕ್ಕೆ ಬ್ಯಾಂಡ್ ಕಟ್ಟಿ. ಫಲಿತಾಂಶ ಅದ್ಭುತ! ಚೆಲ್ಲುವ ನೀರು ಮೂರನೆಯ ಒಂದು ಪಾಲಿಗೆ ಇಳಿಯಿತು. ಹುಬ್ಬಳ್ಳಿಯ ನಾದಿನಿಗೆ ಫೋನ್ ಮಾಡಿ ಹೇಳಿದ್ದೂ ಆಯಿತು. ಶನಿವಾರ ಮಗಳು ಬಂದವಳು ನನ್ನ ನೋಟ್‌ಬುಕ್ ನೋಡಿ ಒಂದೇ ಪ್ರಶ್ನೆ ಕೇಳಿದಳು. "ಅಮ್ಮಾ, ಅಪ್ಪ ಗುಳಿಗಿ ಎಷ್ಟಕ್ಕ ತಗೋತಾರ?"

ಏಳೂವರೆಗೆ.

ಬಿ.ಎ. ಇಂಗ್ಲಿಷಿನವಳ ವಿಜ್ಞಾನ ಅಲ್ಲಿಗೆ ಮುಗಿಯಿತು. ಏಳಕ್ಕೆ ನೋಡಿದ್ದು ರಾತ್ರಿಯ ಗುಳಿಗೆ ಇಳಿದ ಕೈ, ಒಂಬತ್ತಕ್ಕೆ ನೋಡಿದ್ದು ಬೆಳಗಿನ ಗುಳಿಗೆ ಏರಿದ ಕೈ. ನಡುವೆ ಬ್ಯಾಂಡ್ ಇತ್ತೆಂದು ಕೀರ್ತಿಯೆಲ್ಲ ಅದಕ್ಕೆ!

ಆ ಗುಳಿಗೆ ಲೆವೊಡೋಪಾ. ಅದರ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಬೇಲಿಯ ಮೇಲೆ ಹಬ್ಬಿದ ನಸುಗುನ್ನಿಯನ್ನು ಮುಟ್ಟಿ ಮೈಯೆಲ್ಲ ತುರಿಸಿಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಅದೇ ಬಳ್ಳಿಯ ಬೀಜದಿಂದ ಇದೇ ಲೆವೊಡೋಪಾವನ್ನು 1937ರಲ್ಲಿ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಇಬ್ಬರು ಬೇರ್ಪಡಿಸಿ ತೋರಿಸಿದ್ದರು. ಪಾರ್ಕಿನ್ಸನ್ ರೋಗಿಗಳಿಗೆ ಅದು ಔಷಧವಾಗಿ ಬಂದದ್ದು 1960ರ ದಶಕದಲ್ಲಿ. ಹಾಗೆಂದು ಯಾರೂ ಅಜ್ಜನಿಗೆ ನಸುಗುನ್ನಿ ಪುಡಿ ತಿನ್ನಿಸಲು ಹೋಗಬೇಡಿ. ಪುಡಿಯಲ್ಲಿ ಎಷ್ಟು ಇದೆಯೋ ಅಳತೆ ಸಿಗುವುದಿಲ್ಲ, ಗುಳಿಗೆಯ ಲೆಕ್ಕವೆಲ್ಲ ಕೆಡುತ್ತದೆ.

ಮತ್ತೆ ಬ್ಯಾಂಡಿಗೆ ಬರುತ್ತೇನೆ. ಎರಡನೆಯ ವಾರ ಹೊತ್ತನ್ನು ಒಂದೇ ಮಾಡಿದೆವು: ದಿನಾ ಒಂಬತ್ತಕ್ಕೆ, ಒಂದು ದಿನ ಬ್ಯಾಂಡ್, ಮಾರನೆಯ ದಿನ ಬರಿಗೈ. ಈಗಲೂ ಬ್ಯಾಂಡಿನ ದಿನವೇ ಮೇಲು, ಮೊದಲಿನಷ್ಟಲ್ಲದಿದ್ದರೂ ಎದ್ದು ಕಾಣುವಷ್ಟು. ಐದನೆಯ ದಿನ ಇವರು ಬರೆದ ಸುರುಳಿಯನ್ನು ನೋಡಬೇಕಿತ್ತು ನೀವು, ದೀಪಾವಳಿಯ ಚಕ್ಕುಲಿ! ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಮಧ್ಯಾಹ್ನ ಬ್ಯಾಂಡ್ ಬಿಚ್ಚಿ ಚಾರ್ಜಿಗೆ ಹಾಕಲು ಹೋದರೆ ಅದರ ದೀಪವೇ ಹತ್ತುತ್ತಿಲ್ಲ. ಮೊಬೈಲಿನಲ್ಲಿ ನೋಡಿದರೆ ಬೆಳಿಗ್ಗೆ ಏಳೂ ಹತ್ತಕ್ಕೇ ಬ್ಯಾಟರಿ ಮುಗಿದಿತ್ತು. ಅದರ ಕಂಪನ ಕಟ್ಟಿದ ಮೊದಲ ಐದು ನಿಮಿಷ ತಿಳಿಯುತ್ತದೆ, ಆಮೇಲೆ ಗಡಿಯಾರದ ಹಾಗೆ ಕೈಗೆ ರೂಢಿಯಾಗಿ ಮರೆತೇ ಹೋಗುತ್ತದೆ. ಸತ್ತ ಬ್ಯಾಂಡ್ ಕಟ್ಟಿಕೊಂಡು ಇವರು ಬರೆದದ್ದು ಆ ಸುರುಳಿ.

ನಾನು ತಮಾಷೆಯೆಂದೇ ಹೇಳಿದೆ. ಇವರು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಹಂಗಾದರ ಇಷ್ಟು ದಿನ ನಾ ನಾಟಕಾ ಮಾಡಲಿಕ್ಕತ್ತಿದ್ದೆನೇನು?" ಎಂದರು. ಕೈ ಮತ್ತೆ ಕಿಸೆಗೆ ಹೋಯಿತು. ರಾತ್ರಿ ಊಟಕ್ಕೂ ಸರಿಯಾಗಿ ಕೂಡಲಿಲ್ಲ.

ಉತ್ತರ ನನಗೆ ಗೊತ್ತಿರಲಿಲ್ಲ. ಮಗಳು ಹುಡುಕಿ ಕೊಟ್ಟಳು. 2001ರಲ್ಲಿ ಕೆನಡಾದ ವ್ಯಾಂಕೂವರಿನ ವಿಜ್ಞಾನಿಗಳು ಆರು ಮಂದಿ ಪಾರ್ಕಿನ್ಸನ್ ರೋಗಿಗಳಿಗೆ ಔಷಧ ಕೊಡುತ್ತಿರಬಹುದೆಂದು ನಂಬಿಸಿ ಬರೀ ಹುಸಿಮದ್ದು ಕೊಟ್ಟು ಮಿದುಳಿನ ಸ್ಕ್ಯಾನ್ ತೆಗೆದರು. ಅವರ ಮಿದುಳಿನಲ್ಲಿ ನಿಜವಾಗಿಯೂ ಡೋಪಮಿನ್ ಬಿಡುಗಡೆಯಾಗಿತ್ತು! ಗುಣವಾಗುತ್ತದೆ ಎಂಬ ನಿರೀಕ್ಷೆಯೇ, ಕೊರತೆಯಾದ ಆ ರಾಸಾಯನಿಕವನ್ನು ಅಳಿದುಳಿದ ಕೋಶಗಳಿಂದ ಹೊರತರಿಸುತ್ತದೆ. ಬೇರೆ ಕಾಯಿಲೆಗಳಲ್ಲೂ ನಂಬಿಕೆಗೆ ಬಲವುಂಟು, ಆದರೆ ಇದರಲ್ಲಿ ನಂಬಿಕೆ ಹೋಗಿ ಮುಟ್ಟುವುದು ನೇರ ರೋಗದ ಜಾಗವನ್ನೇ. ಇದನ್ನು ಓದಿ ಹೇಳಿದಾಗ ಇವರು ಮುಖ ಎತ್ತಿದರು. "ಅಂದರ ಆ ಸುರುಳಿ ನಂದ ಅನ್ನು" ಎಂದರು. ನಿಮ್ಮದೇ ಎಂದೆ. ಕಾಗದ ಫ್ರಿಜ್ಜಿನ ಮೇಲೇ ಉಳಿಯಿತು.

ರೋಗಿಗೆ ಇದು ಸಮಾಧಾನದ ಸುದ್ದಿ, ಯಂತ್ರ ಮಾಡುವವರಿಗೆ ಮಾತ್ರ ದೊಡ್ಡ ತಲೆನೋವು. ಯಾವ ಬ್ಯಾಂಡ್ ಕಟ್ಟಿದರೂ ಸ್ವಲ್ಪ ವಾಸಿಯಾಗುತ್ತದೆ ಎಂದರೆ ಬ್ಯಾಂಡಿನ ಸ್ವಂತ ಕೆಲಸ ಎಷ್ಟು ಎಂದು ತಿಳಿಯುವುದು ಹೇಗೆ?

ಇದೇನು ಹೊಸ ತಲೆನೋವಲ್ಲ. ಪ್ಯಾರಿಸ್ಸಿನ ದೊಡ್ಡ ವೈದ್ಯ ಶಾರ್ಕೊ, ಈ ಕಾಯಿಲೆಗೆ ಪಾರ್ಕಿನ್ಸನ್ನನ ಹೆಸರಿಟ್ಟವನು ಅವನೇ, ರೈಲಿನಲ್ಲೋ ಕುದುರೆಗಾಡಿಯಲ್ಲೋ ದೂರ ಪ್ರಯಾಣ ಮಾಡಿ ಬಂದ ರೋಗಿಗಳು ಹಗುರಾಗಿರುವುದನ್ನು ಗಮನಿಸಿದ. ಆ ಅಲುಗಾಟವೇ ಮದ್ದಿರಬೇಕೆಂದು ಗಡಗಡ ಅಲುಗುವ ಒಂದು ಕುರ್ಚಿಯನ್ನು ಮಾಡಿಸಿ 1892ರಲ್ಲಿ ಅದರ ಬಗ್ಗೆ ಉಪನ್ಯಾಸ ಕೊಟ್ಟ. ಮರುವರ್ಷವೇ ತೀರಿಕೊಂಡ. ಇದನ್ನು ಕೇಳಿದ ನಮ್ಮವರು, "ಮೂವತ್ತೈದು ವರ್ಷ ಸೆಂಟ್ರಲ್ ರೈಲ್ವೆದಾಗ ನಿಂತು ಅಲುಗಾಡೀನಿ, ನನಗ್ಯಾಕ ಬಂತು ಮತ್ತ?" ಎಂದು ಕೇಳಿದರು. ಶಾರ್ಕೊನ ಕುರ್ಚಿಯನ್ನು ನೂರಿಪ್ಪತ್ತು ವರ್ಷ ಯಾರೂ ಸರಿಯಾಗಿ ಪರೀಕ್ಷಿಸಿರಲಿಲ್ಲ. 2012ರಲ್ಲಿ ಶಿಕಾಗೊದ ರಶ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಪರೀಕ್ಷೆಯಲ್ಲಿ ರೋಗಿಗಳ ಎರಡು ಗುಂಪು. ಒಂದಕ್ಕೆ ಕಂಪಿಸುವ ಕುರ್ಚಿ ಮತ್ತು ಹಿತವಾದ ಶಬ್ದ, ಇನ್ನೊಂದಕ್ಕೆ ಶಬ್ದ ಮಾತ್ರ. ಎರಡೂ ಗುಂಪಿನವರು ಸುಧಾರಿಸಿದರು, ಹೆಚ್ಚುಕಡಿಮೆ ಒಂದೇ ಸಮ. ಕುರ್ಚಿಯ ಕಂಪನಕ್ಕೆ ವಿಶೇಷವಾದ ಕೀರ್ತಿಯೇನೂ ಸಿಗಲಿಲ್ಲ.

ಎರಡನೆಯ ಆ ಗುಂಪು ಇದೆಯಲ್ಲ, ಹುಸಿ ಗುಂಪು, ಅದೇ ಇಡೀ ಪರೀಕ್ಷೆಯ ಜೀವ. ಬ್ಯಾಂಡ್ ಹೋಲುವ ಹುಸಿ ಬ್ಯಾಂಡ್, ಗ್ಲೌಸ್ ಹೋಲುವ ಹುಸಿ ಗ್ಲೌಸ್. ಕಟ್ಟಿಕೊಂಡವರಿಗೂ ತಿಳಿಯಬಾರದು, ಅಂಕ ಹಾಕುವವರಿಗೂ ತಿಳಿಯಬಾರದು. ಬ್ಯಾಂಕಾಕಿನ ಚುಲಾಲಾಂಗ್‌ಕಾರ್ನ್ ವಿಶ್ವವಿದ್ಯಾಲಯದ ವೈದ್ಯರು ಹೀಗೆಯೇ ಮಾಡಿದರು. ಕೈಯ ಸಣ್ಣ ಸ್ನಾಯುಗಳಿಗೆ ಹಗುರಾದ ವಿದ್ಯುತ್ ಕೊಡುವ ಒಂದು ಗ್ಲೌಸನ್ನು ಅವರು ತಯಾರಿಸಿದ್ದರು. ಗುಳಿಗೆಗೆ ಬಗ್ಗದ ನಡುಕವಿದ್ದ 30 ಪಾರ್ಕಿನ್ಸನ್ ರೋಗಿಗಳಲ್ಲಿ ಅರ್ಧ ಜನಕ್ಕೆ ನಿಜದ್ದು, ಅರ್ಧ ಜನಕ್ಕೆ ಹುಸಿಯದು. ಕೈಗೆ ಕಟ್ಟಿದ ಸೆನ್ಸರುಗಳು ನಡುಕವನ್ನು ಅಳೆದವು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವಿದ್ಯುತ್ ಹರಿಯುವಾಗ ನಿಜದ ಗ್ಲೌಸಿನವರ ನಡುಕ ಹುಸಿಯವರಿಗಿಂತ ಸ್ಪಷ್ಟವಾಗಿ ತಗ್ಗಿತ್ತು. ಮೂವತ್ತು ಜನ ಕಡಿಮೆಯೇ ಇರಬಹುದು, ಆದರೆ ಕೇಳಬೇಕಾದ ಪ್ರಶ್ನೆಯನ್ನು ಅವರು ಸರಿಯಾಗಿ ಕೇಳಿದ್ದಾರೆ.

ಅಮೆರಿಕದ ಕ್ಯಾಲಾ ಹೆಲ್ತ್ ಕಂಪನಿಯ ಬ್ಯಾಂಡಿನ ಕತೆ ಇನ್ನೂ ಸ್ವಾರಸ್ಯವಾದದ್ದು. ಅದು ಮಣಿಕಟ್ಟಿನ ನರಗಳಿಗೆ ಚುರುಚುರು ಎನ್ನುವ ವಿದ್ಯುತ್ ತಾಳ ಕೊಡುತ್ತದೆ. ಮೊದಲು ಪರೀಕ್ಷೆ ನಡೆದದ್ದು ಎಸೆನ್ಶಿಯಲ್ ಟ್ರೆಮರ್ ಇದ್ದ 77 ಜನರ ಮೇಲೆ, ಹುಸಿ ಬ್ಯಾಂಡನ್ನೂ ಇಟ್ಟುಕೊಂಡು. 2019ರಲ್ಲಿ ಪ್ರಕಟವಾಯಿತು. ಮುಖ್ಯ ಅಳತೆಗೋಲು ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದದ್ದು ನಮ್ಮ ಅದೇ ಸುರುಳಿ. ಸುರುಳಿಯಲ್ಲಿ ನಿಜಕ್ಕೂ ಹುಸಿಗೂ ಖಚಿತವಾದ ವ್ಯತ್ಯಾಸ ಕಾಣಲಿಲ್ಲ! ಕೈ ಚಾಚಿ ಹಿಡಿಯುವಂಥ ತೋಳಿನ ಇತರ ಪರೀಕ್ಷೆಗಳ ಒಟ್ಟು ಅಂಕದಲ್ಲಿ ಮಾತ್ರ ನಿಜದ್ದು ಮೇಲಾಗಿತ್ತು. ಜಾಹೀರಾತು ಬರೆಯುವವರು ಎರಡನೆಯ ಮಾತನ್ನು ದಪ್ಪಕ್ಷರದಲ್ಲಿ ಹಾಕುತ್ತಾರೆ, ಮೊದಲನೆಯದನ್ನು ಹುಡುಕಿ ಓದಬೇಕಾದವರು ನಾವು. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2018ರಲ್ಲಿ ಇದನ್ನು ಎಸೆನ್ಶಿಯಲ್ ಟ್ರೆಮರಿಗೆ ಒಪ್ಪಿತು, 2022ರಲ್ಲಿ ಪಾರ್ಕಿನ್ಸನ್ ಇರುವವರಿಗೂ ಒಪ್ಪಿತು. ಆದರೆ ಕೆಲಸ ಮಾಡುವಾಗ ಬರುವ ನಡುಕಕ್ಕೆ ಮಾತ್ರ. ತೊಡೆಯ ಮೇಲಿನ ಹೂಬತ್ತಿಯ ನಡುಕ ಅದರಲ್ಲಿ ಸೇರಿಲ್ಲ. ನೋಡಿದಿರಾ, ಎರಡು ನಡುಕಗಳನ್ನು ನೆನಪಿಡಿ ಎಂದಿದ್ದು ಇದಕ್ಕೇ.

ಮಿದುಳಿನ ಗೊಡವೆಗೇ ಹೋಗದ ಇನ್ನೊಂದು ದಾರಿಯೂ ಇದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ವೈದ್ಯಕೀಯ ಓದುತ್ತಿದ್ದ ಫೈಯಿ ಓಂಗ್ ಎಂಬ ವಿದ್ಯಾರ್ಥಿ, ಆಸ್ಪತ್ರೆಯಲ್ಲಿ ನೂರು ದಾಟಿದ ಒಬ್ಬ ಅಜ್ಜಿ ಸೂಪ್ ಕುಡಿಯಲು ಒದ್ದಾಡುವುದನ್ನು ಕಂಡ. (ಅಲ್ಲಿ ಸೂಪು, ಇಲ್ಲಿ ಪಾಯಸ.) ಜೋರಾಗಿ ತಿರುಗುವ ಬುಗುರಿ ಬೀಳದೆ ನೆಟ್ಟಗೆ ನಿಲ್ಲುತ್ತದಲ್ಲ, ಅದೇ ತತ್ತ್ವದಲ್ಲಿ ಕೈಯ ಹಿಂಬದಿಗೆ ತಿರುಗುವ ಚಕ್ರವನ್ನು ಕೂರಿಸಿದ ಗ್ಲೌಸ್ ಮಾಡಲು ಹೊರಟ. ವರ್ಷಗಟ್ಟಲೆ ದುಡಿದ ಮೇಲೆ 2024ರಲ್ಲಿ ಅದು ಲಾಸ್ ವೇಗಸ್ಸಿನ ದೊಡ್ಡ ಪ್ರದರ್ಶನಕ್ಕೆ ಬಂತು. ಸ್ಪೇನಿನವರು ಅದಕ್ಕೂ ಮುಂಚೆ, ಈ ಶತಮಾನದ ಮೊದಲ ದಶಕದಲ್ಲೇ, ತೋಳಿಗೆ ಮೋಟಾರಿನ ಚೌಕಟ್ಟು ಕಟ್ಟಿ ನೋಡಿದ್ದರು. ಇಂಥವುಗಳ ಕಷ್ಟ ಹೇಳಲು ಇಂಜಿನಿಯರೇ ಬೇಕಿಲ್ಲ. ಮೊದಲೇ ನಿಧಾನವಾದ ಕೈಗೆ ಭಾರ ಹೊರಿಸಿ, ಸದ್ದು ಮಾಡುತ್ತ, ಮದುವೆಮನೆಗೆ ಹೋಗುವವರು ಯಾರು? ನಡುಕ ಮುಚ್ಚಿಡಲು ಕೈಯನ್ನು ಕಿಸೆಗೆ ಹಾಕುವ ಮನುಷ್ಯ ಆ ಗ್ಲೌಸನ್ನು ಎಲ್ಲಿ ಮುಚ್ಚಿಡುತ್ತಾನೆ? ಪ್ರಯೋಗಾಲಯದ ಸೆನ್ಸರ್ ಇದನ್ನು ಅಳೆಯುವುದಿಲ್ಲ.

ಇರಲಿ, ನಮ್ಮ ಮನೆಯ ಪರೀಕ್ಷೆಯ ಕೊನೆಯ ಕಂತು ಬಾಕಿಯಿದೆ.

ಇದೆಲ್ಲ ಓದಿದ ಮೇಲೆ ಮಗಳು ಸುಮ್ಮನಿರುವವಳೇ! ಆ ಬ್ಯಾಂಡಿನ ಆ್ಯಪಿನಲ್ಲಿ ಕಂಪನದ ತಾಳವನ್ನು ಬದಲಿಸಿ ಬೇರೆ ಬೇರೆ ಹೆಸರಿನಲ್ಲಿ ಉಳಿಸಬಹುದು. ಅವಳು ಎರಡು ತಾಳ ಮಾಡಿದಳು. ಒಂದು ಕಂಪನಿ ಹೇಳಿದ ತಾಳ, ಇನ್ನೊಂದು ಆಗಾಗ ಸುಮ್ಮನೆ ಒಮ್ಮೆ ಗುಂಯ್ ಎನ್ನುವ ಹುಸಿ ತಾಳ. ಹೆಸರು 'ಅ' ಮತ್ತು 'ಆ'. ಯಾವುದು ಯಾವುದೆಂದು ಲಕೋಟೆಯಲ್ಲಿ ಬರೆದು ಅಂಟು ಹಾಕಿ ದೇವರ ಮನೆಯಲ್ಲಿಟ್ಟು ಪುಣೆಗೆ ಹೋದಳು. ಇಪ್ಪತ್ತೊಂದು ಚೀಟಿ: ಏಳು 'ಅ', ಏಳು 'ಆ', ಏಳು 'ಇ'. 'ಇ' ಎಂದರೆ ಬರಿಗೈ. ಎಲ್ಲ ಒಂದು ಸ್ಟೀಲ್ ಡಬ್ಬಿಯಲ್ಲಿ. ದಿನಾ ಬೆಳಿಗ್ಗೆ ಇವರು ಗುಳಿಗೆ ತೆಗೆದುಕೊಂಡ ಮೇಲೆ ನಾನೊಂದು ಚೀಟಿ ಎತ್ತುವುದು, ಅದರಂತೆ ಬ್ಯಾಂಡ್, ಒಂಬತ್ತಕ್ಕೆ ಪರೀಕ್ಷೆ. ಸುರುಳಿಗೆ ಅಂಕ ಹಾಕಲು ಎದುರು ಮನೆಯ ನಿವೃತ್ತ ಡ್ರಾಯಿಂಗ್ ಮಾಸ್ತರರು. ಅವರಿಗೆ ಯಾವ ದಿನದ್ದೆಂದು ಹೇಳದೆ ಎಲ್ಲ ಕಾಗದಗಳನ್ನೂ ಕಲಸಿ ಕೊಟ್ಟೆ. ಹತ್ತಕ್ಕೆ ಎಂಟು ದಾಟಿ ಯಾರಿಗೂ ಕೊಟ್ಟವರಲ್ಲ, ಇವರಿಗೂ ಕೊಡಲಿಲ್ಲ.

ಇಪ್ಪತ್ತೆರಡನೆಯ ದಿನ ಮಗಳು ಬಂದಳು. ಮೊದಲು ಲೆಕ್ಕ, ಆಮೇಲೆ ಲಕೋಟೆ ಎಂದಳು. ಬರಿಗೈಯ ದಿನಗಳಲ್ಲಿ ಚೆಲ್ಲಿದ ನೀರು ಸರಾಸರಿ 26 ಗ್ರಾಂ. 'ಅ' ದಿನಗಳಲ್ಲಿ 17. 'ಆ' ದಿನಗಳಲ್ಲಿ 16. ಸುರುಳಿಯ ಅಂಕಗಳೂ ಹಾಗೆಯೇ: ಬ್ಯಾಂಡಿನ ಎರಡೂ ಬಗೆ ಸಮಸಮ, ಬರಿಗೈ ಸ್ವಲ್ಪ ಹಿಂದೆ. ಲಕೋಟೆ ತೆರೆದಾಗ 'ಅ' ನಿಜದ್ದು, 'ಆ' ಹುಸಿಯದು.

ನನಗೆ ಭಯವಾಯಿತು, ಇವರು ಮತ್ತೆ ಕೈ ಕಿಸೆಗೆ ಹಾಕುತ್ತಾರೇನೋ ಎಂದು. ಇವರು ಲೆಕ್ಕದ ಹಾಳೆಯನ್ನು ಬ್ಯಾಂಕಿನವರಂತೆ ಕೆಳಗಿನಿಂದ ಮೇಲಕ್ಕೆ ಎರಡು ಸಲ ಪರಿಶೀಲಿಸಿ, "ಹುಸೀನ ಒಂದು ಗ್ರಾಂ ಮುಂದ ಅದ ಅಲ್ಲೋ!" ಎಂದು ಹೊಟ್ಟೆ ಹಿಡಿದು ನಕ್ಕರು. ನಕ್ಕರೂ ಕೈ ನಡುಗುತ್ತದೆ, ಗೊತ್ತೇ? ಆ ದಿನ ಚೆನ್ನಾಗಿಯೇ ನಡುಗಿತು.

ಮಗಳು ಮಾತ್ರ ತನ್ನ ಪರೀಕ್ಷೆಯಲ್ಲೇ ತಪ್ಪು ಹುಡುಕುತ್ತ ಕುಳಿತಳು. ಒಬ್ಬರೇ ರೋಗಿ, ಮೂರೇ ವಾರ. ಹುಸಿ ತಾಳವೂ ಸ್ವಲ್ಪ ಕಂಪಿಸುತ್ತಿತ್ತಾದ್ದರಿಂದ ಅದೂ ಏನಾದರೂ ಕೆಲಸ ಮಾಡಿರಬಹುದು. ಲೋಟ ಎತ್ತುವ ಪರೀಕ್ಷೆ ಮಾಡಿದೆವೇ ಹೊರತು ತೊಡೆಯ ಮೇಲಿನ ನಡುಕವನ್ನು ಅಳೆಯಲೇ ಇಲ್ಲ. ಇನ್ನೊಬ್ಬರಿಗೆ ಇದೇ ಬ್ಯಾಂಡ್ ನಿಜವಾಗಿ ಒಗ್ಗಲೂಬಹುದು. ಇವೆಲ್ಲ ಸರಿಯಾದ ಮಾತು. ಹಾಗಾಗಿ ಬ್ಯಾಂಡ್ ಕೆಟ್ಟದ್ದೆಂದು ನಾನು ಬರೆಯುತ್ತಿಲ್ಲ. ಕಂಪನಿ ಇಂಥದ್ದೊಂದು ಪರೀಕ್ಷೆಯನ್ನು ತಾನೇ ಮಾಡಿ ತೋರಿಸದೆ 14,000 ರೂಪಾಯಿ ತೆಗೆದುಕೊಂಡಿತಲ್ಲ ಎಂಬುದಷ್ಟೇ ನನ್ನ ಸಿಟ್ಟು. ವಾಪಸ್ಸು ಮಾಡುವ ಅವಧಿಯೂ ನಮ್ಮ ಪರೀಕ್ಷೆಯಲ್ಲೇ ಕಳೆದುಹೋಯಿತು.

ಡಾಕ್ಟರಿಗೆ ನೋಟ್‌ಬುಕ್ ತೋರಿಸಿದೆವು. ಅವರು ಬ್ಯಾಂಡಿಗಿಂತ ಬರಿಗೈಯ ಅಂಕಿಗಳನ್ನೇ ಹೆಚ್ಚು ಹೊತ್ತು ನೋಡಿ, ಗುಳಿಗೆಯ ಹೊತ್ತನ್ನು ಸ್ವಲ್ಪ ಹಿಂದೆ ಮುಂದೆ ಮಾಡಿದರು. ಬರೆಯುವಾಗ ಅಗಲ ಗೆರೆಯ ಕಾಗದ ಇಟ್ಟುಕೊಳ್ಳಿ, ಗೆರೆ ಕಣ್ಣಿಗೆ ಬೀಳುತ್ತಿದ್ದರೆ ಅಕ್ಷರ ಕುಗ್ಗುವುದು ಕಡಿಮೆಯಾಗುತ್ತದೆ ಎಂದರು. ಮಕ್ಕಳು ಒಂದನೆಯ ಇಯತ್ತೆಯಲ್ಲಿ ಬರೆಯುವ ಎರಡು ಗೆರೆಯ ಕಾಪಿ ಪುಸ್ತಕ ತಂದೆವು, 30 ರೂಪಾಯಿ. ಬ್ಯಾಂಡ್ ಇವರ ಕೈಮೇಲೆ ಈಗಲೂ ಇದೆ. "ಟೈಮ್ ಛಲೋ ತೋರಸ್ತದ" ಎನ್ನುತ್ತಾರೆ.

ನಿಮ್ಮಲ್ಲಿ ಯಾರಾದರೂ ಕಾಲೇಜಿನ ಪ್ರಾಜೆಕ್ಟಿಗೆಂದು ಇಂಥ ಬ್ಯಾಂಡೋ ಗ್ಲೌಸೋ ಮಾಡುವ ಯೋಚನೆಯಲ್ಲಿದ್ದರೆ ನಮ್ಮ ಮನೆಗೆ ಬನ್ನಿ. ಕೈ ಕೊಡಲು ಇವರು ತಯಾರಿದ್ದಾರೆ, ತಕ್ಕಡಿ ನನ್ನದು. ಬರುವಾಗ ಹುಸಿಯದನ್ನೂ ಒಂದು ಮಾಡಿಕೊಂಡು ಬನ್ನಿ, ಇಲ್ಲದಿದ್ದರೆ ಬಾಗಿಲಲ್ಲೇ ಮಗಳು ತಡೆಯುತ್ತಾಳೆ.

ಯುಗಾದಿ ಕಾರ್ಯಕ್ರಮಕ್ಕೆ ಇವರು ಬರುತ್ತಾರೆ. ಅಂದು ಬಡಿಸುವ ಸರದಿ ಯಾರದಿದ್ದರೂ ಇವರಿಗೆ ಪಾಯಸವನ್ನು ಸ್ಟೀಲ್ ಲೋಟದಲ್ಲಿ ಅರ್ಧಕ್ಕೆ ಹಾಕಿ ಕೊಡಿ, ಚಮಚ ಬೇಡ. ಖಾಲಿಯಾದ ಮೇಲೆ ಮತ್ತೆ ಅರ್ಧ ಹಾಕಿ.

ಈ ಸಲದ ಅಂಕಣದ ತಲೆಬರಹವನ್ನು ಇವರ ಕೈಯಲ್ಲೇ ಬರೆಸಿ ಕಳಿಸುತ್ತಿದ್ದೇನೆ. 'ಲೋ'ದ ದೀರ್ಘ ಸ್ವಲ್ಪ ಅಲೆಯಂತೆ ಬಂದಿದೆ. ಕಂಪ್ಯೂಟರಿನಲ್ಲಿ ತಿದ್ದಬಾರದೆಂದು ಸಂಪಾದಕರಿಗೆ ಬೇರೆ ಚೀಟಿ ಬರೆದಿದ್ದೇನೆ.